ತೌಡಿನಲ್ಲಿ ಎಣ್ಣೆಯಿದೆ

ಬಿ.ಎಸ್ಸಿ. ಪಾಸಾದ ಸೊಸೆಯ ಕೈಗೆ ಎಮ್ಮೆಯ ಹಗ್ಗ ಕೊಟ್ಟ ಮನೆ ಗೌರಿಬಿದನೂರಿನಲ್ಲಿ ನಮ್ಮದೊಂದೇ ಇರಬೇಕು. ಎಂಬತ್ತೇಳರ ಬೇಸಿಗೆ. ನಗರಗೆರೆಯ ಖಾಸಗಿ ಹೈಸ್ಕೂಲಿನವರು ವಿಜ್ಞಾನದ ಟೀಚರಾಗಿ ಬನ್ನಿ ಎಂದು ಹೇಳಿಕಳಿಸಿದ್ದರು. ಸೋಮವಾರ ಹೋಗಿ ಸೇರಬೇಕು. ಅತ್ತೆ ಅಕ್ಕಯ್ಯಮ್ಮನವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ನಿನ್ ಓದಿನಿಂದ ಈ ಮನೆಗೆ ಒಂದ್ ತೊಟ್ಟು ಎಣ್ಣೆ ಬಂತಾ ಹೇಳು,” ಎಂದರು, ಖಾಲಿ ಬಾಣಲೆಯನ್ನು ಬೋರಲು ಹಾಕುತ್ತ. ಎಣ್ಣೆಯ ಬೆಲೆ ಏರಿ, ನಾವು ಬೋಂಡದ ಮುಖ ನೋಡಿ ತಿಂಗಳುಗಳಾಗಿದ್ದವು.

ಮಾತು ನನಗೆ ನಾಟಿತು. ಎಮ್ಮೆಯ ಮುಂದೆ ತೌಡಿನ ಬಕೆಟ್ ಇಡುವಾಗ ಕಾಲೇಜಿನ ಮೇಷ್ಟ್ರ ದನಿ ಅಶರೀರವಾಣಿಯಂತೆ ಕೇಳಿಸಿತು: ಅಕ್ಕಿಯ ತೌಡಿನಲ್ಲಿ ನೂರಕ್ಕೆ ಹದಿನೈದು ಪಾಲು ಎಣ್ಣೆಯಿದೆ!

“ತೊಟ್ಟಲ್ಲ ಅತ್ತೆ, ಒಂದ್ ಚೊಂಬು ತರ್ತೀನಿ. ಈ ತೌಡಿಂದಾನೇ ತೆಗೀತೀನಿ. ಆಮೇಲೆ ಕೆಲಸಕ್ಕೆ ಕಳಿಸ್ತೀರಾ?”

“ತೌಡಲ್ಲಿ ಎಣ್ಣೆಯಂತೆ! ನಲವತ್ ವರ್ಷದಿಂದ ಎಮ್ಮೆಗಿಕ್ತಾ ಇದೀನಿ, ನನ್ ಕೈಗೆ ಜಿಡ್ಡೂ ಅಂಟಿಲ್ಲ. ಆಗ್ಲಮ್ಮ, ತೆಗಿ. ತಂದ್ರೆ ನಾನೇ ಬಸ್ ಹತ್ತಿಸ್ತೀನಿ.”

ನಮ್ಮವರು ಪೇಪರಿನ ಹಿಂದಿನಿಂದ “ಹೂಂ” ಎಂದರು. (ಯಾರಿಗೆ ಅಂದಿದ್ದು ಎಂದು ನಮ್ಮಿಬ್ಬರಿಗೂ ತಿಳಿಯಬಾರದು; ಅದೇ ಅವರ ರಾಜನೀತಿ.)

ಬುಧವಾರ ರೈಸ್ ಮಿಲ್ಲಿನಿಂದ ಅರ್ಧ ಮೂಟೆ ಹೊಸ ತೌಡು ತಂದೆ. ತೌಡು ಬೇಗ ಕಮಟುತ್ತದೆ, ಕೂಡಲೇ ಹಬೆಯಲ್ಲಿ ಬೇಯಿಸಬೇಕು ಎಂಬುದೂ ನೆನಪಿತ್ತು. ಬೇಯಿಸಲು ಇದ್ದದ್ದು ಹದಿನಾರು ಇಡ್ಲಿಯ ಪಾತ್ರೆ. ಬೆಳಗಿನಿಂದ ಬೈಗಿನವರೆಗೆ ಒಲೆ ಆರಲಿಲ್ಲ, ನಾನು ಏಳಲಿಲ್ಲ. ಹಬೆಯೊಳಗೆ ಕೊಯ್ಲಿನ ಗದ್ದೆಯ ಕಂಪಿತ್ತು. ನಮ್ಮವರು ಇಡ್ಲಿಯೆಂದುಕೊಂಡು ಒಂದನ್ನು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಮರುಕ್ಷಣ ಬಚ್ಚಲಿಗೆ ಓಡಿದರು.

ಮರುದಿನ ಅದನ್ನು ಒಣಗಿಸಿ ಮೆಹಬೂಬ್ ಪಾಷಾರ ಮೋಟಾರು ಗಾಣಕ್ಕೆ ಒಯ್ದೆ.

“ಅಮ್ಮಾ, ಇದು ಕಡ್ಲೆಕಾಯ್ ಅರೆಯೋ ಗಾಣ. ಒಣ ತೌಡು ಹಾಕಿದ್ರೆ ಹೊಗೆ ಬರುತ್ತೆ.”

“ಜಿಡ್ಡಿದ್ರೆ ಬರಲ್ವಾ, ಸಾಬ್ರೇ?”

“ಇದ್ರೆ ಬರಲ್ಲ. ಎಲ್ಲಿದೆ?”

ಹಾಲು ಮೊಸರಾಗಲು ಹೆಪ್ಪು ಬೇಡವೇ? ಮನೆಗೆ ಓಡಿ, ಅತ್ತೆ ಹಬ್ಬಕ್ಕೆಂದು ಎತ್ತಿಟ್ಟಿದ್ದ ಒಂದು ಚೊಂಬು ಕಡಲೆಕಾಯಿ ಎಣ್ಣೆಯನ್ನು ತಂದು ತೌಡಿನ ಮೇಲೆ ಸುರಿದೆ. ಹೊರಗಿನ ಎಣ್ಣೆಯನ್ನು ಕಂಡು ಒಳಗಿನದೂ ಇಳಿದು ಬರುತ್ತದೆಂದು ನಂಬಿದ್ದೆ.

ಗಾಣ ತಿರುಗಿತು. ನಾನು ಚೊಂಬು ಹಿಡಿದು ಕುಳಿತೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಕಡೆಗೊಂದು ಹನಿ ಬಿತ್ತು. (ಪಾಷಾರ ಹಣೆಯ ಬೆವರು.)

“ಕುಡಿದ್ಬಿಡ್ತಮ್ಮಾ ನಿಮ್ ತೌಡು,” ಎಂದರು ಅವರು ಮೆಲ್ಲಗೆ. “ಗಾಣದೊಳಗೆ ನಿನ್ನೆ ಅರೆದ ಎಣ್ಣೆ ಸ್ವಲ್ಪ ಉಳಿದಿತ್ತು, ಅದನ್ನೂ ಬಿಟ್ಟಿಲ್ಲ.”

ಸಂಜೆ ಗೆಳತಿಯ ನೋಟ್ಸು ತರಿಸಿ ನೋಡಿದೆ. ತೌಡಿನ ಎಣ್ಣೆ ಗಾಣಕ್ಕೆ ಬಗ್ಗದು, ಕಾರ್ಖಾನೆಯಲ್ಲಿ ದ್ರಾವಕದೊಳಗೆ ನೆನೆಸಿಯೇ ತೆಗೆಯಬೇಕು ಎಂದು ಅದೇ ಪಾಠದ ಉತ್ತರಾರ್ಧದಲ್ಲಿತ್ತು. ಉತ್ತರಾರ್ಧದ ಹೊತ್ತಿಗೆ ನಾನು ಕ್ಲಾಸು ಬಿಟ್ಟು ತವರೂರು ತೊಂಡೇಬಾವಿಯ ರೈಲು ಹಿಡಿಯಲು ಓಡಿದ್ದೆನಲ್ಲ!

ಅತ್ತೆ ಖಾಲಿ ಚೊಂಬನ್ನು ನೋಡಿದರು. ಹಣೆ ಚಚ್ಚಿಕೊಂಡರು. ಎಣ್ಣೆ ಕುಡಿದ ತೌಡಿನ ಮುದ್ದೆಗಳನ್ನು ದಿನವೂ ಒಂದಿಷ್ಟು ಎಮ್ಮೆಗೆ ಹಾಕಿದರು.

ಭಾನುವಾರ ಬೆಳಿಗ್ಗೆ ಹಾಲಿನ ಡೈರಿಯಿಂದ ಅತ್ತೆ ಓಡಿಕೊಂಡೇ ಬಂದರು.

“ಏಮಮ್ಮಾ, ನಿನ್ ತೌಡಿಂದ ನಮ್ ಹಾಲಿಗೆ ಫ್ಯಾಟು ಎಂಟು ಬಂತು ಕಣೇ, ದುಡ್ಡೂ ಜಾಸ್ತಿ ಕೊಟ್ರು! ಪಕ್ಕದ್ಮನೆ ಮುನಿಶಾಮಮ್ಮನ ಎಮ್ಮೇದು ಆರು ದಾಟಿಲ್ಲ!” ನನ್ನ ಎರಡೂ ಕೈ ಹಿಡಿದುಕೊಂಡರು. “ನಿನ್ ಓದು ದಂಡ ಅಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ.”

ನನ್ನ ಎದೆಯೊಳಗೆ ನಗರಗೆರೆಯ ಬಸ್ಸು ಹಾರನ್ ಹೊಡೆಯಿತು.

“ಹಾಗಾದ್ರೆ ಅತ್ತೆ, ನಾಳೆ ಕೆಲಸಕ್ಕೆ...”

“ಈಗ ತಾನೇ ಸ್ಕೂಲ್ನೋರಿಗೆ ಹೇಳಿಕಳಿಸ್ದೆ, ನೀನು ಬರಲ್ಲ ಅಂತ. ಇಂಥಾ ಸೊಸೇನ ಯಾರಾದ್ರೂ ಹೊರಗೆ ಬಿಟ್ಕೊಡ್ತಾರಾ?”

ನಮ್ಮವರು “ಹೂಂ” ಎಂದರು. ಈ ಸಲ ಯಾರಿಗೆಂದು ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಮುನಿಶಾಮಮ್ಮ ತೌಡಿನ ಕುಕ್ಕೆ ಹೊತ್ತು ನಿಂತಿದ್ದಳು.

“ಟೀಚರಮ್ಮಾ,” ಎಂದಳು ಬಹಳ ಗೌರವದಿಂದ, “ನಮ್ಮೆಮ್ಮೇಗೂ ಒಂದ್ ಪಾತ್ರೆ ತೌಡು ಬೇಯಿಸ್ಕೊಡಿ.”