ದರ್ಜಿಯ ಸೊಂಟ, ಕಳ್ಳಿಯ ಸುತ್ತಳತೆ

ಗಿಡಕ್ಕೆ ನೀರು ಹಾಕುವುದರಲ್ಲಿ ತಾನು ಹಿಂದಿರಬಹುದು, ಹಾಕದಿರುವುದರಲ್ಲಿ ತನ್ನನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ದರ್ಜಿ ಎದೆ ತಟ್ಟಿ ಹೇಳಿದ. ಹೆಂಡತಿ ತಂಗಿಯ ಹೆರಿಗೆಗೆಂದು ಹದಿನೈದು ದಿನ ಹೊರಟಿದ್ದಳು. ಜಗಲಿಯಲ್ಲಿ ಅವಳ ತಾಯಿ ಬಿಟ್ಟುಹೋದ ಕಳ್ಳಿಗಿಡ ಎದೆಯೆತ್ತರಕ್ಕೆ ನಿಂತಿತ್ತು.

"ಒಂದು ತೊಟ್ಟೂ ಹಾಕ್ಬೇಡಿ. ಅದು ಮರಳುಗಾಡಿನದು, ಸಿಕ್ಕಿದ್ದನ್ನೆಲ್ಲ ಕುಡಿದು ಮೈಯಲ್ಲಿ ತುಂಬ್ಕೊಳ್ಳುತ್ತೆ. ಈ ಚಳೀಲಿ ನೀರು ಜಾಸ್ತಿ ಆದ್ರೆ ಬುಡ ಕೊಳೆಯುತ್ತೆ. ಅಮ್ಮನದು ಅಂತ ನನಗೆ ಉಳಿದಿರೋದು ಇದೊಂದೇ."

"ಚಿಂತೆ ಬಿಡೇ. ನನ್ನ ಪಕ್ಕದಲ್ಲೇ ಇಟ್ಕೋತೀನಿ."

ಇಟ್ಟುಕೊಂಡ. ಕುಂಡವನ್ನು ಹೊಲಿಗೆ ಕೋಣೆಗೆ ಎಳೆದು ಇಸ್ತ್ರಿ ಮೇಜಿಗೆ ನಿಂತರೆ ತನ್ನ ಬೆನ್ನ ಹಿಂದೆ ಬರುವಂತೆ ನಿಲ್ಲಿಸಿದ. ಅಳೆಯದೆ ಏನನ್ನೂ ನಂಬುವ ಆಸಾಮಿಯಲ್ಲ, ಮುಳ್ಳು ತಪ್ಪಿಸಿ ಟೇಪು ಸುತ್ತಿ ಗೋಡೆಯ ಮೇಲೆ ಬಳಪದಲ್ಲಿ ಬರೆದ: ಇಪ್ಪತ್ತೆಂಟು ಇಂಚು.

ನಾಲ್ಕನೆಯ ದಿನ ಇಪ್ಪತ್ತೆಂಟೂವರೆ. ಟೇಪು ಜಾರಿರಬೇಕು ಅಂದುಕೊಂಡ. ಎಂಟನೆಯ ದಿನ ಇಪ್ಪತ್ತೊಂಬತ್ತೂಕಾಲು. ನೆರಿಗೆ ಹಿಡಿದಂತಿದ್ದ ಮೈ ಬಿಚ್ಚಿಕೊಂಡು, ಗಿಡ ಉಸಿರು ಬಿಗಿಹಿಡಿದವರಂತೆ ನಿಂತಿತ್ತು. ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲ. ಕಿಟಕಿ ಭದ್ರ, ಚಾವಣಿ ಸೋರುವುದಿಲ್ಲ. ಕೋಣೆಗೆ ಬೀಗ ಜಡಿದು ಎರಡು ದಿನ ಗಿರಾಕಿಯ ಮನೆಯಲ್ಲೇ ಕೂತು ಹೊಲಿದ. ಬಂದು ಅಳೆದರೆ ಒಂದು ನೂಲಿನಷ್ಟೂ ಏರಿರಲಿಲ್ಲ. ಮತ್ತೆ ತನ್ನ ಮೇಜಿಗೆ ನಿಂತ, ಮತ್ತೆ ಊದಿತು: ಮೂವತ್ತು. ಅಂದರೆ ತಾನು ಇದ್ದರೆ ಮಾತ್ರ. ದರ್ಜಿಗೆ ನಿಜಕ್ಕೂ ಹೆದರಿಕೆಯಾಯಿತು.

ಅಷ್ಟರಲ್ಲಿ ಪ್ಯಾಂಟು ಸೊಂಟದಿಂದ ಜಾರಿತು. ತನ್ನ ನಡುವನ್ನೂ ಅಳೆದುಕೊಂಡ. ಎರಡು ಇಂಚು ಕಡಿಮೆ. ಗೋಡೆ ನೋಡಿದ. ಗಿಡ ಏರಿದ್ದೂ ಎರಡೇ ಇಂಚು!

"ಲೇ, ಇದು ನನ್ನನ್ನ ಕುಡೀತಿದೆ ಕಣೇ" ಎಂದು ಫೋನಿನಲ್ಲಿ ಪಿಸುಗುಟ್ಟಿದ.

"ಯಾವುದ್ರೀ?"

"ನಿಮ್ಮಮ್ಮನ ಗಿಡ. ಬೆನ್ನು ತಿರುಗಿಸಿದ್ರೆ ಸಾಕು, ಹಿಂದೆ ಏನೋ ಪಟಪಟ ಅನ್ನುತ್ತೆ."

"ಊಟ ಮಾಡಿದ್ರಾ?"

"ಪ್ರಾಣ ಹೋಗ್ತಿದೆ, ಊಟ ಕೇಳ್ತೀಯಲ್ಲ. ನೀನು ಹೋದಾಗಿಂದ ಬ್ರೆಡ್ಡೇ."

ಮರುದಿನ ಬೆಳಿಗ್ಗೆಯೇ ಹೆಂಡತಿ ಬಂದಳು. ಅವನು ಸಮವಸ್ತ್ರಗಳ ರಾಶಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಚೀಲವನ್ನೂ ಇಳಿಸದೆ ಕುಂಡದ ಮಣ್ಣಿಗೆ ಬೆರಳಿಟ್ಟಳು. ಮುಖ ಬಿಳುಚಿತು.

"ನೀರು ಹಾಕಿದ್ದೀರಿ."

"ನಿಮ್ಮಮ್ಮನಾಣೆ ಇಲ್ಲ" ಎನ್ನುತ್ತಲೇ ಇಸ್ತ್ರಿಗೆಂದು ಇಟ್ಟ ನೀರಿನ ಬಟ್ಟಲಿಗೆ ಕೈಯದ್ದಿದ, ಅಂಗಿಯ ಮೇಲೆ ಚಿಮುಕಿಸಿದ, ಕೈಯಲ್ಲಿ ಉಳಿದ ನೀರನ್ನು ಮೂವತ್ತು ವರ್ಷದ ಅಭ್ಯಾಸದಂತೆ ಹೆಗಲ ಮೇಲಿಂದ ಹಿಂದಕ್ಕೆ ಕೊಡವಿದ. ಕುಂಡದಲ್ಲಿ ಪಟಪಟ ಅಂದಿತು.

ಇಬ್ಬರೂ ಕೇಳಿಸಿಕೊಂಡರು. ದಿನಕ್ಕೆ ನೂರು ಅಂಗಿ. ದರ್ಜಿಯ ಕೈ ಅಲ್ಲೇ ನಿಂತುಬಿಟ್ಟಿತು.

ಅವಳು ಬುಡವನ್ನು ಸುತ್ತಲೂ ಒತ್ತಿ ನೋಡಿದಳು. ಗಟ್ಟಿಯಾಗಿತ್ತು. ಕಣ್ಣೊರೆಸಿಕೊಂಡಳು.

"ಹಾಗಾದ್ರೆ ನನ್ನ ಎರಡು ಇಂಚು?" ಎಂದ, ಪ್ಯಾಂಟು ಹಿಡಿದುಕೊಂಡು.

"ಅದು ಒಂದು ವರ್ಷ ಯಾರೂ ತಿರುಗಿ ನೋಡ್ದಿದ್ರೂ ಬದುಕುತ್ತೆ ಕಣ್ರೀ. ನೀವು ಒಲೆ ಹಚ್ಚೋಕೆ ಬರದೆ ಹದಿಮೂರು ದಿನಕ್ಕೇ ಒಣಗಿದ್ದೀರಿ. ಮುಂದಿನ ಸಲ ಊರಿಗೆ ಹೋಗುವಾಗ, ಇವರನ್ನ ಸ್ವಲ್ಪ ನೋಡ್ಕೋ ಅಂತ ಈ ಗಿಡಕ್ಕೇ ಹೇಳಿ ಹೋಗ್ತೀನಿ."