ನಲವತ್ತು ದಾಟದ ಹಾರ್ಡ್ ಡಿಸ್ಕಿಗೆ

ಅಣ್ಣನ ಮೇಜಿನ ಮೇಲೆ ಬಿಜಯಂಗೈದಿರುವ ಹಳೆಯ ಹಾರ್ಡ್ ಡಿಸ್ಕ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಪುಸ್ತಕಗಳಿಗೆ ಬೈಂಡಿಂಗ್ ಮಾಡಿ ಬದುಕುವ, ಕಂಪ್ಯೂಟರಿನ ಗಂಧಗಾಳಿಯಿಲ್ಲದ ನಾನು ತಮ್ಮಂಥ ಹಿರಿಯರ ಮೇಲೆ ದೂರು ಬರೆಯುವುದು ಅಧಿಕಪ್ರಸಂಗವೇ ಸರಿ. ಆದರೂ ತಮ್ಮ ನಿಧಾನವನ್ನು ನಾಲ್ಕು ಜನರ ಮುಂದಿಡದೆ ವಿಧಿಯಿಲ್ಲ.

ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದ ನನ್ನ ಅಣ್ಣ ತೀರಿಕೊಂಡ ಮೇಲೆ, ತಮ್ಮೊಳಗಿರುವ ಅವನ ದನಿಯನ್ನು ಹೊಸ ಡಿಸ್ಕಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸದ ನಡುವೆ ತನ್ನಷ್ಟಕ್ಕೆ ಆಡಿಕೊಳ್ಳುವುದನ್ನೆಲ್ಲ ರೆಕಾರ್ಡ್ ಮಾಡಿಡುವುದು ಅವನ ಅಭ್ಯಾಸ: "ಈ ಸ್ಕ್ರೂ ಎಲ್ಲಿಟ್ನಪ್ಪಾ... ಬಾಯಲ್ಲೇ ಇದ್ಯಲ್ಲೋ." ಈಚೆಗೆ ತಾವು ಒಳಗೊಳಗೇ ಟಿಕ್ ಟಿಕ್ ಎನ್ನುತ್ತಿರುವುದರಿಂದ, ತಾವು ಕಣ್ಣು ಮುಚ್ಚುವುದರೊಳಗೆ ಇದು ಮುಗಿಯಬೇಕಿತ್ತು.

ಅಣ್ಣ ಕೇಬಲ್ಲುಗಳಿಗೆಲ್ಲ ಚೀಟಿ ಅಂಟಿಸಿದ್ದ. ಚಪ್ಪಟೆಯಾದ ಅಗಲ ಕೇಬಲ್ಲಿಗೆ ಸೆಕೆಂಡಿಗೆ ನೂರಮೂವತ್ತಮೂರು ಮೆಗಾಬೈಟ್, ಬೆರಳಗಲವೂ ಇಲ್ಲದ ಸಣ್ಣದಕ್ಕೆ ನೂರೈವತ್ತು. ಅಗಲವಾದದ್ದೇ ಜೋರೆಂದು ನಂಬಿ ಮೊದಲು ಅದನ್ನು ಹಾಕಿದೆ, ಅದೂ ಉಲ್ಟಾ. ಆಮೇಲೆ ಸಣ್ಣದನ್ನು ತಮಗೆ ಹೊಂದಿಸುವ ಕನ್ವರ್ಟರ್ ತಂದು ಸಿಕ್ಕಿಸಿ, ನೂರೈವತ್ತಕ್ಕಾಗಿ ಬಾಯಿಬಿಟ್ಟುಕೊಂಡು ಕೂತೆ. ತಾವು ಎರಡರಲ್ಲೂ ದಯಪಾಲಿಸಿದ್ದು ನಲವತ್ತು. ರಸ್ತೆ ಅಗಲ ಮಾಡಿದ ಮಾತ್ರಕ್ಕೆ ಸೈಕಲ್ಲು ಕಾರಾಗುವುದಿಲ್ಲ ಎಂಬುದು ಈ ಮಹಾ ಪಂಡಿತನಿಗೆ ಆಗ ಹೊಳೆಯಿತು.

ಅತ್ತಿಗೆಗೆ ಹೊಲಿಗೆ ಮಷೀನಿಡಲು ಆ ಮೇಜು ಬೇಕು. "ಇನ್ನೂ ಮುಗೀಲಿಲ್ವೇನಪ್ಪಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ. "ಡಿಸ್ಕ್ ಸ್ಲೋ ಅತ್ತಿಗೆ" ಎಂದು ತಮ್ಮ ಮೇಲೆ ಹಾಕುತ್ತೇನೆ.

ಆದರೆ ನನ್ನ ನಿಜವಾದ ದೂರೇ ಬೇರೆ. ತಮ್ಮ ವೇಗ ಅತಿಯಾಯಿತು. ಊಟ ಮಾಡಿ ಕೈ ತೊಳೆಯುವುದರೊಳಗೆ ಒಬ್ಬ ಮನುಷ್ಯನನ್ನು ಮುಕ್ಕಾಲು ಪಾಲು ಸಾಗಿಸಿಬಿಡುವುದು ಯಾವ ನ್ಯಾಯ? ಮುಗಿದರೆ ತಾವು ಗುಜರಿಗೆ, ಮೇಜು ಮಷೀನಿಗೆ, ನನಗೆ ಈ ಕೋಣೆಗೆ ಬರಲು ನೆಪವೇ ಇಲ್ಲ. ಹಾಗಾಗಿ ಮುಗಿಯುವ ಹೊತ್ತಿಗೆ ಸರಿಯಾಗಿ ಕೇಬಲ್ಲು ತಾನಾಗಿಯೇ ಕಳಚಿಕೊಳ್ಳುತ್ತದೆ; ನನ್ನ ಬೆರಳು ಅಲ್ಲೇ ಇರುವುದು ಆಕಸ್ಮಿಕ. ದಯವಿಟ್ಟು ಇಪ್ಪತ್ತಕ್ಕೆ ಇಳಿಯಿರಿ, ಹತ್ತಕ್ಕೆ ಇಳಿಯಿರಿ, ಸಾಯುವುದೊಂದನ್ನು ಮಾತ್ರ ಮಾಡಬೇಡಿ.

ನಿನ್ನೆ ಕೆಲಸದಿಂದ ಬಂದು ನೋಡಿದರೆ ಕೇಬಲ್ಲು ಕಳಚಿಕೊಂಡಿತ್ತು. ನಾನು ಮುಟ್ಟಿರಲಿಲ್ಲ. ಅತ್ತಿಗೆ ಕತ್ತರಿ ಹುಡುಕುತ್ತಿರುವವರಂತೆ ಬಗ್ಗಿಕೊಂಡು, "ಯಾಕೆ, ನೀನೊಬ್ನೇ ಎಳೀಬೇಕಾ?" ಎಂದರು. ಆಮೇಲೆ ನೆಟ್ಟಗೆ ನಿಂತು, "ಹಿಂಗೇ ಎಳೆದಾಡ್ತಾ ಇದ್ರೆ ಇರೋದೂ ಹೋಗುತ್ತೆ. ನಾಳೆ ಮುಗಿಸೋಣ. ನಿನ್ನ ಕೈ ನಾನು ಕಾಯ್ತೀನಿ, ನನ್ನ ಕೈ ನೀನು ಕಾಯಿ" ಎಂದರು.

ತಮ್ಮ ಮೇಲೆ ಸುಳ್ಳು ಹೊರಿಸಿದ ವಿಶ್ವಾಸಿ,
ಬೈಂಡಿಂಗಿನವನು

ಮರೆತ ಮಾತು: ಮುಗಿಯಿತು. ಹೊಸ ಡಿಸ್ಕು ತಮಗಿಂತ ಹತ್ತು ಪಟ್ಟು ವೇಗವಂತೆ. ಆದರೆ ಅದರಲ್ಲೂ ಅಣ್ಣ ಒಂದು ವಾಕ್ಯ ಆಡಿ ಮುಗಿಸಲು ಮೊದಲಿನಷ್ಟೇ ಹೊತ್ತು ತೆಗೆದುಕೊಳ್ಳುತ್ತಾನೆ. ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಂಕಿ ಅಚ್ಚು ಹಾಕಿಸುವವರಿಗೆ ಇದನ್ನು ತಿಳಿಸತಕ್ಕದ್ದು.