ಬುಲ್‌ಬುಲ್ ಮಕ್ಕಳು ಕಲಿತದ್ದು

ಪುಟ್ಟ ಮಕ್ಕಳಿಗೆ ಏನಾದರೂ ಕಲಿಸಿ ನೋಡಿ. ಹೇಳಿದ್ದನ್ನು ಅವರು ನಿಜವಾಗಿಯೂ ಮಾಡಿಬಿಡುತ್ತಾರೆ. ಪ್ರಸಂಗಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಶ್ರೀಮಂಗಲದ ಹತ್ತಿರದ ಶಾಲೆಯೊಂದರಲ್ಲಿ ನಾನು ಹೊಸ ಟೀಚರು. ಹೆಡ್‌ಮಾಸ್ಟರು ಕೈಗೊಂದು ಸೀಟಿ ಕೊಟ್ಟು, "ಸ್ಕೌಟಿನಲ್ಲಿ ಚಿಕ್ಕ ಹೆಣ್ಣುಮಕ್ಕಳ ದಳಕ್ಕೆ ಬುಲ್‌ಬುಲ್ ಅಂತಾರೆ. ನೀವೇ ನೋಡಿಕೊಳ್ಳಿ" ಎಂದರು.

"ನನಗೇನೂ ಗೊತ್ತಿಲ್ಲವಲ್ಲ ಸಾರ್?"

"ಅವರಿಗೂ ಗೊತ್ತಿಲ್ಲ. ಒಟ್ಟಿಗೆ ಕಲಿಯಿರಿ."

ಅವರು ನನಗಿಂತ ಬೇಗ ಕಲಿತರು.

ಗಂಟು

ಮೊದಲ ವಾರ ಪುಸ್ತಕ ನೋಡಿಕೊಂಡು ಹಗ್ಗದ ಗಂಟು ಕಲಿಸಿದೆ. ಮರುದಿನ ಬೆಳಿಗ್ಗೆಯೇ ಒಬ್ಬಳ ಅಪ್ಪ ನನ್ನ ಮನೆಬಾಗಿಲಲ್ಲಿ.

"ಟೀಚರೇ, ಮಗಳು ಕರುವನ್ನು ಕಂಬಕ್ಕೆ ಕಟ್ಟಿದ್ದಾಳೆ. ನಾನೂ ನನ್ನ ತಮ್ಮನೂ ಎಳೆದದ್ದೇ ಎಳೆದದ್ದು, ಬಿಚ್ಚುವುದಿಲ್ಲ. ಅದು ಹಾಲಿಗೆ ಕೂಗ್ತಾ ಉಂಟು."

ಹೋದೆ. ನನ್ನ ಉಗುರು ಮುರಿಯಿತು, ಗಂಟು ಬಿಡಲಿಲ್ಲ. ಎಂಟು ವರ್ಷದ ಮಗಳು ಹಲ್ಲುಜ್ಜುತ್ತಾ ಬಂದು ಹಗ್ಗವನ್ನು ಎರಡೂ ಕಡೆಯಿಂದ ಒಳಕ್ಕೆ ತಳ್ಳಿದಳು. ಗಂಟು ಸಡಿಲವಾಗಿ ಬಿಚ್ಚಿಕೊಂಡಿತು.

"ಎಳೆಯಬಾರದು ಟೀಚರ್, ತಳ್ಳಬೇಕು. ನಿನ್ನೆ ನೀವೇ ಹೇಳಿದ್ದಲ್ಲವಾ?"

ಹೇಳಿದ್ದೆ. ಅದು ನಿಜವೆಂದು ನನಗೆ ಗೊತ್ತಾದದ್ದು ಆಗಲೇ.

ಗುರುತು

ಆಮೇಲೆ ದಾರಿಗುರುತು. ಕಲ್ಲುಗಳನ್ನು ಬಾಣದಂತೆ ಜೋಡಿಸಿದರೆ 'ಈ ಕಡೆ ಬನ್ನಿ'. ವೃತ್ತ ಮಾಡಿ ನಡುವೆ ಒಂದು ಕಲ್ಲಿಟ್ಟರೆ 'ಮನೆಗೆ ಹೋಗಿದ್ದೇನೆ'. ಮಕ್ಕಳು ಪಕ್ಕದ ಎಸ್ಟೇಟಿನ ಕಾಫಿ ಗಿಡಗಳ ನಡುವೆ ಸಂಜೆಯವರೆಗೂ ಆಡಿದರು.

ಮರುದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಉರಿಯುತ್ತಾ ಬಂದರು. "ಹತ್ತು ಗಂಟೆಗೇ ಕಾಫಿ ಪಿಕಿಂಗ್ ಬಿಟ್ಟು ಕೂಲಿ ಹೆಂಗಸರೆಲ್ಲ ಲೈನ್‌ಮನೆಗೆ ಹೊರಟುಹೋದರು! ಕೇಳಿದರೆ, ಕಲ್ಲಿನಲ್ಲಿ ಮನೆಗೆ ಹೋಗಿ ಅಂತ ಬರೆದುಂಟು ಅಂತಾರೆ!"

ಆ ಹೆಂಗಸರೇ ನನ್ನ ದಳದ ಹಲವು ಮಕ್ಕಳ ಅಮ್ಮಂದಿರು. ಅಕ್ಷರ ಬಾರದ ಆ ಅಮ್ಮಂದಿರಿಗೆ ಮಕ್ಕಳು ಒಂದೇ ದಿನದಲ್ಲಿ ಓದಲು ಕಲಿಸಿದ್ದರು!

"ಅದರ ಅರ್ಥ 'ಹೋಗಿ' ಅಂತಲ್ಲ, 'ಹೋಗಿದ್ದೇನೆ' ಅಂತ" ಎಂದೆ.

"ಅದನ್ನೇ ಅಲ್ವಾ ನಾನು ಹೇಳ್ತಿರೋದು? ಹೋಗಿದ್ದಾರೆ!"

ಪ್ರಥಮ ಚಿಕಿತ್ಸೆ

ಮುಂದಿನ ಪಾಠದಲ್ಲಿ, ಬಿದ್ದು ಪ್ರಜ್ಞೆ ತಪ್ಪಿದವರ ಮುರಿದ ಕಾಲಿಗೆ ಕಟ್ಟು ಹಾಕುವುದನ್ನು ಕಲಿಸಿದೆ. ದಳದಲ್ಲಿ ಏಳು ವರ್ಷದವಳೊಬ್ಬಳಿದ್ದಳು. ಹಾಜರಿ ಕರೆದರೂ ಬಾಯಿ ಬಿಡದೆ ತಲೆಯಾಡಿಸುವವಳು.

ದಳ ಇರಬೇಕೋ ಬೇಡವೋ ಎಂದು ನೋಡಲು ಮಡಿಕೇರಿಯಿಂದ ಒಬ್ಬ ಆಫೀಸರು ಬಂದರು. ಮಕ್ಕಳ ಜೊತೆ ತೋಡಿನ ನೀರು ದಾಟುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ದೊಪ್ಪನೆ ಬಿದ್ದರು. ದಳದ ಕಥೆ ಮುಗಿಯಿತು ಅಂದುಕೊಂಡೆ.

"ಅಲುಗಾಡಬೇಡಿ!"

ಯಾರ ದನಿಯೆಂದು ತಿರುಗಿ ನೋಡಿದರೆ, ಅವಳು! ಇಬ್ಬರನ್ನು ಜೀಪಿನ ಡ್ರೈವರನ್ನು ಕರೆಯಲು ಓಡಿಸಿದಳು. ಇಬ್ಬರಿಂದ ಕೋಲು ತರಿಸಿದಳು. ಎಲ್ಲರ ಕೊರಳಿನ ಸ್ಕಾರ್ಫು ಬಿಚ್ಚಿಸಿ, ಆಫೀಸರ ಎರಡೂ ಕಾಲು ಸೇರಿಸಿ ಕಟ್ಟತೊಡಗಿದಳು. ಮೂಳೆ ಬಿರುಕು ಬಿಟ್ಟಿತ್ತೆಂದೂ ಇಷ್ಟು ಚೆನ್ನಾದ ಕಟ್ಟು ಕಂಪೌಂಡರಿಗೂ ಬರುವುದಿಲ್ಲವೆಂದೂ ಗೋಣಿಕೊಪ್ಪಲಿನ ಡಾಕ್ಟರು ಆಮೇಲೆ ಹೇಳಿದರು. ದಳವೂ ಉಳಿಯಿತು. ಆದರೆ ಆ ಗಳಿಗೆಯಲ್ಲಿ ನಾನು ಕಣ್ತುಂಬಿಕೊಂಡು ಬೆರಗಾಗಿ ನಿಂತಿದ್ದೆ, ಅಷ್ಟೆ.

ಆಫೀಸರು ಮೆಲ್ಲಗೆ, "ಮರೀ, ನನಗೆ ಅಷ್ಟೇನೂ ಆಗಿಲ್ಲ..." ಎಂದರು.

ಅವಳು ಗಂಟು ಬಿಗಿಯುತ್ತಲೇ ಹೇಳಿದಳು: "ಮಾತಾಡಬೇಡಿ ಸಾರ್. ನೀವು ಪ್ರಜ್ಞೆ ತಪ್ಪಿದ್ದೀರಿ."

ಆಫೀಸರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ, ವಿಧೇಯರಾಗಿ ಪ್ರಜ್ಞೆ ತಪ್ಪಿದರು.